ಮಾವನ ‘ಈಸ್’

ನಮ್ಮ ಸೋದರಮಾವನಿಗೆ ಸ್ವಂತ ಹೆಂಡತಿ ಮನೆಯಲ್ಲಿದ್ದಾರೋ ಇಲ್ಲವೋ ಗೊತ್ತಿಲ್ಲ! ಸೇಲಂನ ಮನೆಯಲ್ಲಿ, ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕುಳಿತವರನ್ನು ಯಾರಾದರೂ ‘ಅಕ್ಕ ಮನೇಲವ್ರಾ?’ ಎಂದು ಕೇಳಲಿ, ಅಡುಗೆಮನೆಯ ಪಾತ್ರೆ ಸದ್ದಿಗೆ ಕಿವಿಗೊಟ್ಟು ‘ಮಸ್ಟ್ ಬಿ’ ಎನ್ನುತ್ತಾರೆ.

‘ನಾನಿಲ್ದೆ ಪಾತ್ರೆ ತಾನಾಗೇ ಕುಣೀತೈತಾ?’ ಒಳಗಿನಿಂದ ಅತ್ತೆ.

‘ಬೆಕ್ಕೂ ಇರ್ಬೌದು. ಮೈಟ್ ಬಿ!’

ಇದೆಲ್ಲ ಬಸ್ ಸ್ಟ್ಯಾಂಡ್ ಹತ್ತಿರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಪ್ರಸಾದ. ಕಣ್ಣಾರೆ ಕಂಡದ್ದಕ್ಕೆ ‘ಈಸ್’, ಗುರುತು ನೋಡಿ ನಂಬಿದ್ದಕ್ಕೆ ‘ಮಸ್ಟ್ ಬಿ’, ಬರೀ ಊಹೆಗೆ ‘ಮೈಟ್ ಬಿ’ ಎಂದು ಮೇಷ್ಟ್ರು ಹೇಳಿದರಂತೆ. ಉಳಿದವರು ಪಾಠ ಮರೆತರು. ಮಾವ ವ್ರತ ಹಿಡಿದರು!

ಪೆನ್ನಾಗರಂನಿಂದ ನನಗೆ ಹೆಣ್ಣು ಕೊಡಲು ಬಂದವರು ಮಾವನನ್ನು ಕೇಳಿದರು: ‘ಉಡ್ಗ ಒಳ್ಳೇವ್ನಾ?’

‘ಒಳ್ಳೇವ್ನೇ ಇರ್ಬೇಕು.’

‘ಕಂಡಿಪ್ಪಾ?’ ತಮಿಳಿನಲ್ಲೇ ಖಾತರಿ ಕೇಳಿದರು.

‘ಇಲ್ಲಿಗೆ ಬಂದಾಗ ಒಳ್ಳೇವ್ನೆ. ಕಾಲೇಜ್ ಊರಲ್ಲಿ ಎಂಗಿದ್ನೋ, ನಾ ಕಂಡಿವ್ನಾ?’

ಅವರು ಕಾಫಿ ಕುಡಿದು ಬಸ್ಸು ಹಿಡಿದರು.

ಇಂಥ ಮಾವನ ಬಾಯಿಂದಲೇ ನನಗೊಂದು ‘ಈಸ್’ ಬೇಕಿತ್ತು. ಪಡೆಯದೆ ಏಳುವುದಿಲ್ಲವೆಂದು ಹಟ ತೊಟ್ಟೇ ಮಗ್ಗದ ಪಕ್ಕ ಕುಳಿತೆ. ಅವ್ವ ತೀರಿಕೊಂಡಾಗ ನಾನು ತೀರಾ ಚಿಕ್ಕವನು. ಮಗ್ಗದ ಹಳೆಯ ಹಾಸಿನ ಎಳೆಗೆ ಹೊಸ ಎಳೆಯನ್ನು, ಬೆರಳು ಜಾರದಂತೆ ಬೂದಿ ಮುಟ್ಟಿಸಿ ಹೊಸೆಯುತ್ತಾ, ಅದೇ ಬೆರಳಿನಿಂದ ಅವಳು ನನ್ನ ಮೂಗಿನ ತುದಿ ಮುಟ್ಟುತ್ತಿದ್ದಳು. ಅವಳದಾಗಿ ನನ್ನಲ್ಲಿರುವುದು ಇಷ್ಟೇ. ಅದೂ ನಾನೇ ಕಟ್ಟಿಕೊಂಡದ್ದೋ ಏನೋ! ಎಳವೆಯ ನೆನಪನ್ನು ನಂಬಬೇಡ ಎಂದು ವಿಶ್ವವಿದ್ಯಾಲಯ ಕಲಿಸಿತ್ತು. ಅಲ್ಲಿಂದ ನಾನು ತಂದದ್ದು ಒಂದು ಪದವಿ, ಒಂದು ಮೂಟೆ ಅನುಮಾನ.

ಸುಳಿವು ಕೊಡಬಾರದೆಂದು ವಕೀಲನಂತೆ ಇಷ್ಟೇ ಕೇಳಿದೆ: ‘ಮಾವ, ಎಳೆ ಹೊಸೆಯುವಾಗ ಅವ್ವ ನಂಗೆ ಬೂದಿ ಹಚ್ತಿದ್ಲಾ? ಮಸ್ಟ್ ಬಿ ಅಂತ ಮಾತ್ರ ಅನ್ಬೇಡಿ!’

ಲಾಳಿ ನಿಂತಿತು.

‘ಯಾಕ್ಲಾ ಅನ್ಲಿ? ಎದುರ್ಗೆ ಕುಂತು ಎಳೆ ಎತ್ಕೊಡ್ತಿದ್ದೋನು ನಾನಲ್ವಾ?’

ಪಕ್ಕದ ಬೂದಿ ತಟ್ಟೆಯಲ್ಲಿ ಬೆರಳದ್ದಿದರು. ನಾನು ಬೇಕೆಂದೇ ಹೇಳದೆ ಉಳಿಸಿದ್ದ ಜಾಗವನ್ನು, ಮೂಗಿನ ತುದಿಯನ್ನು, ಮೆತ್ತಗೆ ಮುಟ್ಟಿದರು.

‘ಇಲ್ಲಿ. ನೀ ಸೀನ್ತಿದ್ದೆ, ಅವ್ಳು ನಗೋಳು.’

ಸೀನಿಬಿಟ್ಟೆ. ಮಾವ ಭುಜ ಕುಲುಕಿಸಿ ನಕ್ಕರು.

ಅವ್ವನ ನಗು ನನಗೆ ನೆನಪಿಲ್ಲ. ಅಣ್ಣನದು ಹೀಗಿದ್ದರೆ, ತಂಗಿಯದೂ ಹೀಗೇ ಇದ್ದಿರಬೇಕು.