ಸ್ನಾನದ ಮನೆಯ ಇಂಗ್ಲಿಷ್

ಅನುಮಾನ ಪಡುವ ಹೆಂಗಸು ನಾನಲ್ಲ. ಬೇಕಾದರೆ ಕೇಳಿ, ಈ ಸಲ ಹೊಸವರ್ಷದ ತೆತ್ ಹಬ್ಬದ ದಿನ ಹಿರಿಯರ ಪಟದ ಮುಂದೆ ಊದುಕಡ್ಡಿ ಹಚ್ಚಿ, ಹೈಫಾಂಗ್ ಪಟ್ಟಣದ ಸಮಸ್ತ ಹೆಂಡತಿಯರ ಪರವಾಗಿ ಭೀಷ್ಮ ಪ್ರತಿಜ್ಞೆಯನ್ನೇ ಮಾಡಿದ್ದೆ: ಇನ್ನು ಮುಂದೆ ಗಂಡನ ಜೇಬು ತಡಕುವುದಿಲ್ಲ, ಅಂಗಿ ಮೂಸುವುದಿಲ್ಲ, ಫೋನು ಬಂದರೆ ‘ಯಾರ್ರೀ ಅದು’ ಎನ್ನುವುದಿಲ್ಲ. ಪಟದಲ್ಲಿದ್ದ ನಮ್ಮತ್ತೆ ನಂಬಿದಂತೆ ಕಾಣಲಿಲ್ಲ. ಆದರೂ ಹಬ್ಬದ ಕಡುಬು ಖಾಲಿಯಾಗುವವರೆಗೆ ಪ್ರತಿಜ್ಞೆ ಗಟ್ಟಿಯಾಗಿಯೇ ಇತ್ತು.

ಅದನ್ನು ಕೆಡಿಸಿದ್ದು ಮೊಟ್ಟೆ.

ನನ್ನ ಗಂಡ ಕಿಯೆನ್ ಶೂ ಕಾರ್ಖಾನೆಯಲ್ಲಿ ಅಟ್ಟೆಗೆ ಗೋಂದು ಹಚ್ಚುತ್ತಾರೆ. ಬೆಳಗಿನ ಅನ್ನದ ಮೇಲೆ ಹುರಿದ ಮೊಟ್ಟೆ ಇಲ್ಲದಿದ್ದರೆ ಮುಖ ಗಂಟಿಕ್ಕುವ ಆಸಾಮಿ. ಅಂಥವರು ಒಂದು ದಿನ ತಟ್ಟೆ ಸರಿಸಿ, “ಸ್ವಲ್ಪ ದಿನ ಮೊಟ್ಟೆ ಬೇಡ ಕಣೇ” ಎಂದರು.

“ಯಾಕ್ರೀ?”

“ಸುಮ್ನೆ.”

“ಬಾಳೆಹಣ್ಣು ಕೊಡ್ಲಾ?”

“ಅದೂ ಬೇಡ.”

“ರಾತ್ರಿಗೆ ಕುಂಬಳಕಾಯಿ ಸಾರು?”

ಅವರು ಹಾವು ತುಳಿದವರ ಹಾಗೆ ಹಿಂದೆ ಸರಿದರು. “ಅದಂತೂ ಬೇಡವೇ ಬೇಡ. ಕೆಂಪು ಕಾಳಿನ ಪಾಯಸ ಮಾಡು. ದಿನಾ ಮಾಡು.”

ಪಕ್ಕದ ಮನೆಯ ಮುಯ್ ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತು. ಅವಳು ಬಾಯಲ್ಲಿದ್ದ ಕಲ್ಲಂಗಡಿ ಬೀಜ ಉಗಿದು, “ಲುವಾ, ನಿನ್ನ ಗಂಡಂಗೆ ಮನೆ ಅನ್ನ ಸೇರ್ತಾ ಇಲ್ಲ. ಹೊರಗೆಲ್ಲೋ ಫೋ ಸಿಗ್ತಾ ಇದೆ” ಎಂದಳು. ಫೋ ಎಂದರೆ ಅಂಗಡಿಯಲ್ಲಿ ಸಿಗುವ ಶ್ಯಾವಿಗೆ ಸಾರು. ಆದರೆ ನಮ್ಮ ಕಡೆ ಹೆಂಗಸರು ಗಂಡಸರ ವಿಷಯದಲ್ಲಿ ಆ ಮಾತು ಎತ್ತಿದರೆ ಅದು ಸಾರಿನ ವಿಚಾರ ಅಲ್ಲ.

ನಾನು ಅನುಮಾನ ಪಡಲಿಲ್ಲ. ಬರೀ ಗಮನ ಇಟ್ಟೆ. ನನ್ನ ಹೊಲಿಗೆ ಮೆಷಿನ್ ಇರುವುದೇ ಬಾಗಿಲ ಪಕ್ಕ. ಅದಕ್ಕೆ ನಾನೇನು ಮಾಡಲಿ?

ಗಮನ ಇಟ್ಟಾಗ ಕಂಡದ್ದು ಇಷ್ಟು. ದಿನಾ ಕೆಲಸಕ್ಕೆ ಹೊರಡುವಾಗ ಅವರು ಗೇಟಿನಿಂದ ಬರೀ ತಲೆ ಹೊರಗೆ ಹಾಕಿ ಓಣಿಯ ಆ ತುದಿ, ಈ ತುದಿ ನೋಡುತ್ತಿದ್ದರು. ಹೆಂಗಸರು ಯಾರಾದರೂ ಬರುತ್ತಿದ್ದರೆ ಗಬಕ್ಕನೆ ಒಳಗೆ. ನೋಡುವವರಿಲ್ಲದಾಗ ಹೊರಗೆ. ಯಾರ ಕಣ್ಣಿಗೂ ಬೀಳದೆ ಯಾರನ್ನು ನೋಡಲು ಹೋಗುತ್ತಿದ್ದಾರೆ ಎಂದು ಊಹಿಸಲು ಪೊಲೀಸರು ಬೇಕಿಲ್ಲ. ಇದರ ಮೇಲೆ ಓಣಿಯ ಕೊನೆಮನೆಯ ಕಾನ್ ತಾತನ ಜೊತೆ ಕಿವಿಯಲ್ಲಿ ಪಿಸಪಿಸ ಬೇರೆ.

ಆಮೇಲೆ ಸ್ನಾನದ ಮನೆ. ಎರಡು ಚೊಂಬು ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದ ಮನುಷ್ಯ ಈಗ ನಲ್ಲಿ ಬಿಟ್ಟುಕೊಂಡು ಒಳಗೇ ಸಂಸಾರ ಹೂಡಿದ್ದರು. ಬಾಗಿಲಿಗೆ ಕಿವಿ ಕೊಟ್ಟೆ. ಒಳಗಿನಿಂದ ಅರ್ಥವಾಗದ ಭಾಷೆ. ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತಿತ್ತು. ಅಂಥ ಮೆತ್ತನೆಯ ದನಿಯನ್ನು ಅವರು ಮದುವೆಯ ದಿನ ನಮ್ಮಪ್ಪನ ಎದುರಿಗೂ ತೆಗೆದಿರಲಿಲ್ಲ.

ಭಾಷೆ ತಿರುಗಿಸುವ ಯಂತ್ರ ಈಗ ಎಲ್ಲರ ಫೋನಿನಲ್ಲೂ ಇದೆಯಲ್ಲ! ನನ್ನದನ್ನು ಬಾಗಿಲ ಸಂದಿಗೆ ಹಿಡಿದೆ. ಅದು ಒಳಗಿನದನ್ನು ಕೇಳಿಸಿಕೊಂಡು, ಇಂಗ್ಲಿಷ್ ಎಂದು ಗುರುತಿಸಿ, ನಮ್ಮ ಭಾಷೆಯಲ್ಲಿ ಒಂದೊಂದೇ ಸಾಲು ತೋರಿಸುತ್ತಾ ಹೋಯಿತು.

‘ಪ್ರಿಯರೇ, ನೀವು ಕ್ಷೇಮವೆಂದು ಭಾವಿಸುತ್ತೇನೆ.’

‘ಕಾಯಿಸಿದ್ದಕ್ಕೆ ಕ್ಷಮೆಯಿರಲಿ.’

‘ನಿಮಗೆ ಬಿಡುವಿರುವ ವೇಳೆ ತಿಳಿಸಿದರೆ ಬರುತ್ತೇನೆ.’

‘ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದ. ನಿಮ್ಮ ಉತ್ತರವನ್ನು ಕಾತರದಿಂದ ಎದುರು ನೋಡುತ್ತಿರುವೆ.’

ನಮ್ಮಲ್ಲಿ ಮನೆಯವರಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಹೇಳಿದರೆ ಪರಕೀಯರನ್ನಾಗಿ ಮಾಡಿದಂತೆ. ನಾನೂ ಯಾವತ್ತೂ ಕೇಳಿದವಳಲ್ಲ. ಆದರೆ ಇಷ್ಟು ವರ್ಷ ಅನ್ನ ಬೇಯಿಸಿ ಹಾಕಿದ್ದು ನಾನು, ಆ ಧನ್ಯವಾದ ಮಾತ್ರ ಯಾವಳಿಗೋ. ಅದೂ ಇಂಗ್ಲಿಷಿನಲ್ಲಿ. ನಿಜ ಹೇಳುತ್ತೇನೆ, ಆ ಹೆಂಗಸಿಗಿಂತ ಆ ಧನ್ಯವಾದಕ್ಕೇ ನನಗೆ ಹೆಚ್ಚು ಹೊಟ್ಟೆ ಉರಿಯಿತು.

ಮುಯ್ ಅಕ್ಕ ಫೋನು ನೋಡಿ ತೀರ್ಪು ಕೊಟ್ಟಳು: “ವಿದೇಶದವಳು.”

ಹೀಗಿರುವಾಗ ಒಂದು ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದಿಟ್ಟು, “ನಾಳೆ ಬೇಗ ಹೋಗ್ಬೇಕು” ಎಂದರು. ಗೋಂದು ಹಚ್ಚಲು ಬಿಳಿ ಅಂಗಿ!

ಮರುದಿನ ಬೆಳಿಗ್ಗೆ ಮಾರುಕಟ್ಟೆಗೆಂದು ಹೇಳಿ ಮೊದಲೇ ಹೊರಬಿದ್ದೆ. ಬಿಸಿಲಿಗೆ ಹಾಕುವ ಉದ್ದ ಕೋಟು, ಮುಖಕ್ಕೆ ಮಾಸ್ಕು, ತಲೆಗೆ ಹೆಲ್ಮೆಟ್ಟು. ಹಾಗೆ ನಿಂತರೆ ನನ್ನನ್ನು ಹೆತ್ತವಳೂ ಗುರುತಿಸಲಾರಳು. ಸ್ಕೂಟರನ್ನು ಓಣಿಯ ಬಾಯಲ್ಲಿ ಅಡ್ಡ ನಿಲ್ಲಿಸಿ ಕಾದೆ. ಗೇಟಿನಿಂದ ಅವರ ತಲೆ ಬಂತು. ನನ್ನನ್ನು ನೋಡಿತು. ಒಳಗೆ ಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂತು, ಮತ್ತೆ ಹೋಯಿತು. ‘ಒಳಗೆ ಹೋಗಿ ಅವಳಿಗೆ ಫೋನು ಮಾಡ್ತಿದ್ದಾರೆ’ ಎಂದುಕೊಂಡು ಹಲ್ಲು ಕಡಿದೆ.

ಅಷ್ಟರಲ್ಲಿ ಕಾನ್ ತಾತ ಚಪ್ಪಲಿ ಎಳೆಯುತ್ತಾ ಬಂದರು. ಮಧ್ಯವರ್ತಿ ಸಿಕ್ಕಿಬಿದ್ದ! ತೋಳು ಹಿಡಿದೆ.

“ಎಲ್ಲಿಗೆ ತಾತ, ಇಷ್ಟು ಬೇಗ?”

“ಯಾರಮ್ಮಾ? ಓ, ಲುವಾನಾ? ನಿನ್ನ ಗಂಡನ ಎದುರಿಗೆ ಬರೋಕೆ ಹೊರಟಿದ್ದೀನಿ.”

“ಯಾಕೆ ಬರ್ಬೇಕು?”

“ಅದನ್ನ ಹೇಳ್ಬಾರ್ದು. ಹೇಳಿದ್ರೆ ಕೆಲಸ ಕೆಡುತ್ತಂತೆ.”

“ಯಾವ ಕೆಲಸ? ಯಾರ ಜೊತೆ ಕೆಲಸ? ಹೇಳೋವರೆಗೂ ಬಿಡಲ್ಲ.”

“ಬಿಡಮ್ಮಾ, ಅವನಿಗೆ ಹೊತ್ತಾಗುತ್ತೆ.”

ನಾನು ಬಿಡಲಿಲ್ಲ. ತಾತನೂ ಬಾಯಿ ಬಿಡಲಿಲ್ಲ. ಗೇಟಿನಲ್ಲಿ ತಲೆ ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಕೊನೆಗೆ ಇಡೀ ಮನುಷ್ಯನೇ ಹೊರಗೆ ಬಂದು, ಬಿಳಿ ಅಂಗಿಯಲ್ಲಿ ಬೆವರುತ್ತಾ ನಮ್ಮ ಕಡೆ ಓಡಿದರು. ನಾನು ಮಾಸ್ಕ್ ಕಿತ್ತೆಸೆದೆ.

“ಎಲ್ರೀ ಅವಳು?”

“ಲುವಾ? ನೀನಾ?” ಅವರು ತಲೆ ಮೇಲೆ ಕೈ ಇಟ್ಟರು. “ಬೆಳಿಗ್ಗೆಯಿಂದ ಒಂದೇ ಒಂದು ಹೆಂಗಸೂ ಎದುರಾಗ್ದೆ ಇರ್ಲಿ ಅಂತ ಒದ್ದಾಡ್ತಿದ್ದೀನಿ. ಇವಳ್ಯಾರೋ ಪಿಶಾಚಿ ದಾರಿಗೆ ಅಡ್ಡ ನಿಂತು ಅಲ್ಲಾಡ್ತಾನೇ ಇಲ್ವಲ್ಲ ಅಂತ ಶಾಪ ಹಾಕ್ತಿದ್ದೆ.”

“ಮತ್ತೆ ಕಾತರದಿಂದ ಎದುರು ನೋಡ್ತಿದ್ದದ್ದು ಯಾರನ್ನ?”

“ಅದು ಆಫೀಸ್ ಇಂಗ್ಲಿಷ್ ಪಾಠ ಕಣೇ! ಕಾಗದ ಬರೆಯೋವಾಗ ಇಂಗ್ಲಿಷ್‌ನವರು ಎಲ್ಲರಿಗೂ ಹಾಗೇ ಬರೀತಾರೆ. ರಬ್ಬರ್ ಮಾರೋನಿಗೂ ಹಾಗೇ.”

ಆಮೇಲೆ ಎಲ್ಲ ಹೊರಬಿತ್ತು. ವಿದೇಶಿ ಗಿರಾಕಿಗಳು ಬಂದಾಗ ಶೂ ತೋರಿಸಿ ಮಾತಾಡುವವರು ಕಾರ್ಖಾನೆಗೆ ಬೇಕಿತ್ತು. ಆ ಕೆಲಸ ಸಿಕ್ಕರೆ ಗೋಂದು ಮುಟ್ಟಬೇಕಿಲ್ಲ. ಗೋಂದಿನ ವಾಸನೆಗೆ ಅವರಿಗೆ ದಿನಾ ಸಂಜೆ ತಲೆ ಸಿಡಿಯುವುದು ನನಗೆ ಗೊತ್ತು, ತಲೆಗೆ ಎಣ್ಣೆ ತಿಕ್ಕುವವಳು ನಾನೇ. ಅದಕ್ಕೆ ಇವತ್ತು ಇಂಗ್ಲಿಷಿನಲ್ಲಿ ಸಂದರ್ಶನ. ಮೊದಲೇ ಬಾಯಿಬಿಟ್ಟರೆ ಕೈತಪ್ಪುತ್ತದೆ ಎಂದು ನನಗೂ ಹೇಳಿರಲಿಲ್ಲ. ಪರೀಕ್ಷೆಗೆ ಮುಂಚೆ ಮೊಟ್ಟೆ ತಿಂದರೆ ಸೊನ್ನೆ, ಬಾಳೆಹಣ್ಣು ತಿಂದರೆ ಜಾರಿಬೀಳುವುದು, ಕುಂಬಳಕಾಯಿ ತಿಂದರೆ ಬಾಯಿ ಕಟ್ಟುವುದು, ಕೆಂಪು ಕಾಳು ತಿಂದರೆ ಪಾಸು. ನಮ್ಮ ಭಾಷೆಯಲ್ಲಿ ಕುಂಬಳಕ್ಕೂ ಬಾಯಿ ಕಟ್ಟುವುದಕ್ಕೂ ಒಂದೇ ಪದ, ಕಾಳಿಗೂ ಪಾಸಿಗೂ ಒಂದೇ ಪದ. ಮನೆಯಿಂದ ಹೊರಟಾಗ ಮೊದಲು ಹೆಂಗಸು ಎದುರಾದರೆ ಕೆಲಸ ಕೆಟ್ಟಿತು. ಅದಕ್ಕೇ ಒಳ್ಳೆಯ ಕಾಲ್ಗುಣದ ತಾತನ ಏರ್ಪಾಡು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ತಲೆ ನರೆತ ಗಂಡಸಿಗೆ ಪರೀಕ್ಷೆ ಎಂದು ಯಾರು ಯೋಚಿಸುತ್ತಾರೆ?

“ಹತ್ರೀ ಸ್ಕೂಟರ್” ಎಂದೆ.

ಆ ಬೆಳಿಗ್ಗೆ ನಾನು ಸ್ಕೂಟರ್ ಓಡಿಸಿದ್ದನ್ನು ನೋಡಿದವರು ಇನ್ನೂ ಮರೆತಿಲ್ಲ. ಕಾರ್ಖಾನೆಯ ಮುಂದೆ ಇಳಿದವರೇ ಅವರು ಇಂಗ್ಲಿಷಿನಲ್ಲಿ ಏನೋ ಗೊಣಗಿದರು. ಅದರಲ್ಲಿ ‘ಥ್ಯಾಂಕ್ಯೂ’ ಇತ್ತು. ನನಗೆ ಹೇಳಿದರೋ, ಒಳಗೆ ಹೇಳುವುದಕ್ಕೆ ಅಭ್ಯಾಸ ಮಾಡಿಕೊಂಡರೋ ತಿಳಿಯಲಿಲ್ಲ. ಅದೊಂದನ್ನು ಅನುಮಾನಿಸದೆ ನನಗೇ ಎಂದು ಇಟ್ಟುಕೊಂಡೆ.

ಒಳಗೆ ನಡೆದದ್ದನ್ನು ಅವರೇ ಆಮೇಲೆ ಹೇಳಿದರು. ಗೇಟಿನಲ್ಲಿ ಎದುರಾದವಳು ಹೆಂಗಸು. ಪ್ರಶ್ನೆ ಕೇಳಲು ಕೂತಿದ್ದವಳೂ ಹೆಂಗಸೇ, ವಿದೇಶದವಳು. ಅಷ್ಟರ ಮಟ್ಟಿಗೆ ಮುಯ್ ಅಕ್ಕನ ಮಾತು ನಿಜವಾಯಿತು. “ಯಾಕೆ ತಡ?” ಎಂದಳಂತೆ. ಆ ಪ್ರಶ್ನೆ ಪಾಠದಲ್ಲಿ ಇರಲಿಲ್ಲ. ಕಲಿತದ್ದೆಲ್ಲ ಕಾರ್ಖಾನೆಯ ಮಾತು. ಇದ್ದದ್ದರಲ್ಲೇ ಹೊಂದಿಸಿ ಹೇಳಿದರಂತೆ: “ನನ್ನ ಹೆಂಡತಿ ಗುಣಮಟ್ಟದ ತಪಾಸಣೆ ನಡೆಸಿದಳು. ಯಾವ ದೋಷವೂ ಕಂಡುಬರಲಿಲ್ಲ.”

ಅವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕಳಂತೆ. ಕೊನೆಗೆ, ‘ನಿಮ್ಮ ಅರ್ಜಿಯನ್ನು ಪರಿಶೀಲಿಸಿ ನಿರ್ಧಾರ ತಿಳಿಸಲಾಗುವುದು’ ಎಂದು ಕಳಿಸಿದಳು.

ಸಂಜೆ ಪಾಯಸ ಮಾಡಿ ಮುಂದಿಟ್ಟೆ. ಮಧ್ಯಾಹ್ನವೆಲ್ಲ ಫೋನಿನಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದ ಇಂಗ್ಲಿಷನ್ನು ಎದ್ದು ನಿಂತು ಒಪ್ಪಿಸಿದೆ: “ನಿಮಗೆ ಉಂಟಾದ ಅನಾನುಕೂಲಕ್ಕೆ ತೀವ್ರವಾಗಿ ವಿಷಾದಿಸುತ್ತೇನೆ.”

ಅವರು ಪಾಯಸದ ಬಟ್ಟಲನ್ನು ತಳದವರೆಗೆ ಬಳಿದು ತಿಂದರು. ಬಾಯಿ ಒರೆಸಿಕೊಂಡರು. ಆಮೇಲೆ ಸ್ನಾನದ ಮನೆಯ ಅದೇ ಮೆತ್ತನೆಯ ದನಿಯಲ್ಲಿ, ಇಂಗ್ಲಿಷಿನಲ್ಲೇ, “ನಿಮ್ಮ ಅರ್ಜಿಯನ್ನು ಪರಿಶೀಲಿಸಿ ನಿರ್ಧಾರ ತಿಳಿಸಲಾಗುವುದು” ಎಂದು ಎದ್ದು ಹೋದರು. ಅರ್ಥ ಹೇಳಿದ್ದು ನನ್ನ ಫೋನು.

ಕಾರ್ಖಾನೆಯಿಂದ ಅವರಿಗೆ ಉತ್ತರ ಬಂತು, ಕೆಲಸ ಸಿಕ್ಕಿತು. ಈಗ ಅವರ ಅಂಗಿಗೆ ಗೋಂದಿನ ವಾಸನೆಯಿಲ್ಲ. ಮೂಸಿ ನೋಡಿಯೇ ಹೇಳುತ್ತಿದ್ದೇನೆ. ನನ್ನ ಅರ್ಜಿಗೆ ಮಾತ್ರ ಇವತ್ತಿನವರೆಗೂ ಉತ್ತರವಿಲ್ಲ. ಕಾತರದಿಂದ ಎದುರು ನೋಡುತ್ತಿದ್ದೇನೆ.