ಭೀಮನ ಬೆಳವಣಿಗೆ

"ನೋಡ್ತಾ ಇರು ಚೂಡಾಮಣಿ, ಈ ಬೇಸಿಗೇಲಿ ನಿನ್ನ ಸಂಡಿಗೆ ಮೇಲೆ ಒಂದೇ ಒಂದು ಕೋತಿ ಕೈಯಿಟ್ಟರೂ ನನ್ನ ಹೆಸರು ವರದರಾಜನಲ್ಲ!"

ಮಳವಳ್ಳಿಯ ವರದರಾಜ ಮೇಷ್ಟರು ಹೆಂಡತಿಯ ಮುಂದೆ ಹೀಗೆ ಗರ್ಜಿಸಿದ್ದು ಮೊರದಲ್ಲಿ ಹಿಡಿಸುವಷ್ಟಿದ್ದ ಒಂದು ನಾಯಿಯನ್ನು ತೋರಿಸಿ! ಶಿವನಸಮುದ್ರದ ಕರೆಂಟ್ ಕಾರ್ಖಾನೆಯ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಬಿಟ್ಟುಹೋದ ನಾಯಿ ಅದು. ಮೈತುಂಬ ಜೋಲುಗೂದಲು, ಮುಖ ಯಾವ ಕಡೆ, ಬಾಲ ಯಾವ ಕಡೆ ಎಂದು ಅದು ನಡೆದಾಗಲೇ ಗೊತ್ತಾಗಬೇಕು. ಇದಿನ್ನೂ ಹಸುಳೆ, ಬೇಸಿಗೆಯೊಳಗೆ ಕರುವಿನಷ್ಟಾಗುತ್ತದೆ ಎಂದು ಮೇಷ್ಟರು ತೀರ್ಮಾನಿಸಿ ಭೀಮ ಎಂದು ನಾಮಕರಣವನ್ನೂ ಮುಗಿಸಿದ್ದರು.

"ಬೆಳೀದೇ ಹೋದ್ರೆ? ಮಗಳ ಮದುವೆ ಸಂಡಿಗೆ ಕಣ್ರೀ. ಕೋತಿ ಪಾಲಾದ್ರೆ ಬೀಗರ ಮುಂದೆ ನನ್ನ ಮಾನ ಉಳಿಯುತ್ತಾ?"

"ಬೆಳೀದಿದ್ರೆ ನಾನೇ ಕೋಲು ಹಿಡ್ಕೊಂಡು ತಾರಸಿ ಮೇಲೆ ಕೂತ್ಕೋತೀನಿ!"

ಇಷ್ಟೆಲ್ಲ ಕೊಚ್ಚಿಕೊಂಡರೂ ಮೇಷ್ಟರು ನಾಯಿಯನ್ನು ಒಮ್ಮೆಯೂ ಮುಟ್ಟಿದವರಲ್ಲ. ಮುಟ್ಟಿದರೆ ತಲೆಗೆ ಸ್ನಾನವಾಗಬೇಕಲ್ಲ! ಹಿತ್ತಲಲ್ಲಿ ಆರೈಕೆಯೆಲ್ಲ ಮಾರು ದೂರದಿಂದಲೇ. ಮೊಸರನ್ನ ಮೇಲಿಂದ ಬೀಳುತ್ತಿತ್ತು, ಸ್ನಾನದ ನೀರು ಚೊಂಬಿನಿಂದ ಹಾರಿ ಬರುತ್ತಿತ್ತು, ಎತ್ತರವನ್ನು ಛತ್ರಿಯ ತುದಿಯಿಂದ ಅಳೆಯುತ್ತಿದ್ದರು.

ಸಂಕ್ರಾಂತಿ ಕಳೆದರೂ ಭೀಮ ಒಂದಂಗುಲ ಮೇಲೇಳಲಿಲ್ಲ. ಮೇಷ್ಟರಿಗೆ ಕಳವಳ ಹತ್ತಿತು. ರಾಗಿ ಅಂಬಲಿ ಹುಯ್ದರು, ದೃಷ್ಟಿ ನಿವಾಳಿಸಿದರು, ಕೊನೆಗೆ ಮುತ್ತತ್ತಿ ಹನುಮಂತರಾಯನಿಗೆ ಹರಕೆಯನ್ನೂ ಹೊತ್ತರು.

"ಕೋತಿ ಓಡಿಸೋದಕ್ಕೆ ಹನುಮಂತನಿಗೇ ಹರಕೆಯೇ! ಅವನು ಯಾರ ಕಡೆಯವನು ಅಂತ ಯೋಚ್ನೆ ಮಾಡಿದ್ರಾ?" ಎಂದರು ಚೂಡಾಮಣಿ.

ಆದರೆ ಹರಕೆ ಫಲಿಸಿತು! ಶಿವರಾತ್ರಿಯ ಹೊತ್ತಿಗೆ ಭೀಮ ಉಬ್ಬತೊಡಗಿತು. ಮೇಷ್ಟರು ಬೇಲಿಯಾಚೆಯ ಸಿದ್ದರಾಜುವನ್ನು ಕರೆದು ಎದೆಯುಬ್ಬಿಸಿ ತೋರಿಸಿದರು.

"ಮೊದಲು ಅಗಲ, ಆಮೇಲೆ ಎತ್ತರ. ಇದು ಸೀಮೆ ಪದ್ಧತಿ ಕಣಯ್ಯಾ!"

"ಅದ್ಯಾಕೋ ಒಟ್ಟೆ ಮಾತ್ರ ಬೆಳೀತಾ ಐತಲ್ಲ ಸ್ವಾಮೇರೆ? ಒಸಿ ಎತ್ತಿ ನೋಡಿ."

"ಛೆ ಛೆ, ನಾನು ಮಡೀಲಿದ್ದೀನಿ!"

ಚೂಡಾಮಣಿ ತಾರಸಿಯ ಮೇಲೆ ಮೊದಲ ಸಂಡಿಗೆ ಇಟ್ಟ ದಿನವೇ ಕೋತಿಗಳ ದಂಡು ಧಡಧಡ ಇಳಿಯಿತು. "ರೀ, ಎಲ್ಲಿ ನಿಮ್ಮ ಭೀಮ?" ಎಂದು ಮೇಲಿಂದ ಕೂಗು. ಆಗಷ್ಟೇ ಮಿಂದಿದ್ದ ಮೇಷ್ಟರು "ಭೀಮಾ, ಛೂ!" ಎನ್ನುತ್ತ ಹಿತ್ತಲಿಗೆ ಓಡಿದರು. ಗಳುವಿನಿಂದ ಜಾರಿಬಿದ್ದಿದ್ದ ಅವರದೇ ಮಡಿಪಂಚೆಯ ಮೇಲೆ ಭೀಮ ಮಲಗಿತ್ತು. ಪಕ್ಕದಲ್ಲಿ ಕುಂಯ್ ಕುಂಯ್ ಎನ್ನುವ ನಾಲ್ಕು ಮುದ್ದೆಗಳು!

ಸಿದ್ದರಾಜು ಬೇಲಿ ಹಾರಿ ಬಂದ. "ಅಯ್ಯೋ ಸ್ವಾಮೇರೆ, ನಿಮ್ ಭೀಮ ಮರಿ ಆಕವ್ಳೆ!"

ಅಷ್ಟರಲ್ಲಿ ಒಂದು ಮರಿ ಉರುಳಿ ಬಚ್ಚಲ ಕಾಲುವೆಗೆ ಬಿತ್ತು. ಮಡಿ ಯಾರಿಗೆ ನೆನಪಿರುತ್ತದೆ? ಮೇಷ್ಟರು ಧುಮುಕಿ ಎರಡೂ ಕೈಯಲ್ಲಿ ಬಾಚಿಕೊಂಡರು, ಉಟ್ಟ ಪಂಚೆಯಲ್ಲೇ ಒರೆಸಿದರು. ಅಂಗೈಯಲ್ಲಿ ಅದು ಬೆಚ್ಚಗೆ ಮಿಸುಕಿದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. "ಬದುಕಿದೆ ಕಣೇ! ಬದುಕಿದೆ!" ಎಂದು ಕುಣಿದೇಬಿಟ್ಟರು.

ಅರ್ಧ ಸಂಡಿಗೆ ಕಳೆದುಕೊಂಡು ಕೆಳಗಿಳಿದ ಚೂಡಾಮಣಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ನಿಮ್ಮ ಹಸುಳೆಗೆ ನಾಲ್ಕು ಮಕ್ಕಳಾ!" ಎಂದು ಬಿದ್ದು ಬಿದ್ದು ನಕ್ಕರು.

ಮಾರನೆಯ ದಿನ ಬೀದಿಯಲ್ಲಿ ಹೋಗುತ್ತಿದ್ದ ಸಿದ್ದರಾಜು ತಲೆಯೆತ್ತಿ ನೋಡಿದ. ಉರಿಬಿಸಿಲಲ್ಲಿ ಮೇಷ್ಟರು ತಲೆಗೆ ವಸ್ತ್ರ ಸುತ್ತಿ, ಕೋಲು ಹಿಡಿದು ಸಂಡಿಗೆ ಕಾಯುತ್ತಿದ್ದರು.

"ಇದೇನ್ ಸ್ವಾಮೇರೆ, ಕೋತಿ ಓಡ್ಸಾಕೆ ನಾಯಿ ತಂದಿದ್ರಲ್ಲ?"

ಮೇಷ್ಟರು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಚೂಡಾಮಣಿ ಉತ್ತರ ಕೊಟ್ಟರು:

"ಅದು ಹಸಿಬಾಣಂತಿ ಕಣಪ್ಪಾ, ಬಿಸಿಲಿಗೆ ಬರಬಾರದು. ಅದು ಏಳೋವರೆಗೆ ಬದಲಿಗೆ ಇವರನ್ನ ಕೂರಿಸಿದ್ದೀನಿ."