ಬಾನೆಟ್ಟಿನ ಮೇಲೊಂದು ಗಿಟಾರ್

ಎಲ್ಲದಕ್ಕೂ ಕಾರಣ ಹನೀಫಾನ ಒಂದು ಫೋಟೋ. ಮೂಡುಬಿದಿರೆಯಲ್ಲಿ ಗುಜರಿ ಅಂಗಡಿ ಇಟ್ಟಿರುವ ಹನೀಫಾ ತನ್ನಲ್ಲಿಗೆ ಬಂದ ಸಾಮಾನುಗಳ ಚಿತ್ರವನ್ನು ದಿನಾ ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾನೆ. ಆ ಗುರುವಾರ ಹಾಕಿದ್ದು ತುಕ್ಕು ಹಿಡಿದ ಒಂದು ಗ್ರೈಂಡರ್. ಅದರ ಹಿಂದೆ ಗೋಡೆಗೆ ಒರಗಿಕೊಂಡು, ತನಗೂ ಗ್ರೈಂಡರಿಗೂ ಸಂಬಂಧವೇ ಇಲ್ಲವೆನ್ನುವಂತೆ ಒಂದು ಗಿಟಾರ್ ನಿಂತಿತ್ತು. ಗುರುವಾಯನಕೆರೆಯ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದ ಶೀನಪ್ಪ ಆ ಚಿತ್ರ ನೋಡುತ್ತಾ, ಕ್ಯಾನಿಗೆ ಹೊಯ್ಯಬೇಕಾದ ಹಾಲನ್ನು ತನ್ನ ಕಾಲಿಗೆ ಹೊಯ್ದುಕೊಂಡ.

ಶೀನಪ್ಪನಿಗೆ ಈಗ ಐವತ್ತೊಂದು. ಗಿಟಾರಿನ ಆಸೆಗೆ ಮೂವತ್ತಮೂರು. ಹದಿನೆಂಟರ ಹರೆಯದಲ್ಲಿ ಬಂಟ್ವಾಳದ ಒಂದು ಮದುವೆಯಲ್ಲಿ ಯಾರೋ ಗಿಟಾರ್ ನುಡಿಸಿದ್ದನ್ನು ಕೇಳುತ್ತಾ ನಿಂತು ಮೂರೂ ಪಂಕ್ತಿಯ ಊಟ ತಪ್ಪಿಸಿಕೊಂಡವನು ಅವನು. ಅಪ್ಪನಲ್ಲಿ ಕೇಳಿದಾಗ, "ತಂತಿ ಬೇಕಾದ್ರೆ ಬೇಲಿಯಲ್ಲಿ ಬೇಕಾದಷ್ಟು ಉಂಟು" ಎಂಬ ಉತ್ತರ ಬಂದಿತ್ತು. ಆಮೇಲೆ ತಂಗಿಯರ ಮದುವೆ, ತನ್ನ ಮದುವೆ, ಮಗಳ ಮದುವೆ. ಎಲ್ಲ ಮದುವೆಗಳಲ್ಲೂ ಯಾರೋ ಏನೋ ನುಡಿಸಿದರು, ಶೀನಪ್ಪ ಮಾತ್ರ ಸಾರು ಬಡಿಸಿದ. ಹೋದ ತಿಂಗಳು ಎಡಗೈ ಬೆರಳು ಬಾತುಕೊಂಡಾಗ ಡಾಕ್ಟರು, "ಗಂಟಿನ ತೊಂದರೆ. ಇನ್ನು ನಾಲ್ಕೈದು ವರ್ಷ ಕಳೆದ್ರೆ ಬೆರಳು ಸರಿಯಾಗಿ ಮಡಚಲಿಕ್ಕೆ ಆಗುದಿಲ್ಲ" ಎಂದಿದ್ದರು. ಶೀನಪ್ಪನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆರಳು ಹೋದರೆ ಹೋಗಲಿ, ಅದರೊಳಗಿದ್ದ ಗಿಟಾರೂ ಹೋಗುತ್ತದಲ್ಲ ಎಂದು ಅವನಿಗೆ ಅಳುವೇ ಬಂದಿತ್ತು.

ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಹಿಂದೊಮ್ಮೆ ಅವನು ತಂದ ಹಳೆಯ ಹಾರ್ಮೋನಿಯಮ್ಮಿನೊಳಗೆ ಇಲಿ ಮರಿ ಹಾಕಿ, ಆ ಮರಿಗಳು ಹೆಂಡತಿ ಶಶಿಪ್ರಭಾಳ ಸೀರೆಯ ಕಪಾಟಿಗೆ ವಾಸ ಬದಲಿಸಿದ್ದವು. "ಇನ್ನೊಂದು ವಾದ್ಯ ಈ ಮೆಟ್ಟಿಲು ಹತ್ತಿದ್ರೆ ನಾನು ಇಳಿದು ಹೋಗ್ತೇನೆ" ಎಂದು ಆಕೆ ಅಂದೇ ಹೇಳಿಬಿಟ್ಟಿದ್ದಳು. ಅಂದಿನಿಂದ ಶೀನಪ್ಪ ದೇವರ ಕೋಣೆಯಲ್ಲಿ, ಹಳೆಯ ಪಂಚಾಂಗಗಳ ಹಿಂದಿನ ತಗಡಿನ ಡಬ್ಬಿಯಲ್ಲಿ ಗುಟ್ಟಾಗಿ ಅಷ್ಟಿಷ್ಟು ಕೂಡಿಹಾಕುತ್ತಿದ್ದ. ಗಿಟಾರ್ ತಂದರೆ ಸೊಸೈಟಿಯ ಗೋದಾಮಿನಲ್ಲಿ ಹಿಂಡಿ ಗೋಣಿಗಳ ಹಿಂದೆ ಇಡುವುದು, ಹಾಲಿನವರೆಲ್ಲ ಹೋದ ಮೇಲೆ ಫೋನಿನಲ್ಲಿ ನೋಡಿ ಕಲಿಯುವುದು. ಈ ಯೋಜನೆ ಮಾತ್ರ ವರ್ಷಗಳಿಂದ ಸಿದ್ಧವಾಗಿತ್ತು.

ಆ ದಿನ ಅವನು ಡಬ್ಬಿಯನ್ನು ಖಾಲಿ ಮಾಡಿ, ಬಿಳಿ ಪಂಚೆ ಬಿಳಿ ಅಂಗಿ ತೊಟ್ಟ. "ಮೂಡುಬಿದಿರೆಯಲ್ಲಿ ನಮ್ಮ ಹಳೆ ಮಾಸ್ತರರ ಬೊಜ್ಜ. ಹೋಗದಿದ್ರೆ ಆಗುದಿಲ್ಲ" ಎಂದ. ಸತ್ತವರ ಉತ್ತರಕ್ರಿಯೆಗೆ ಹೊರಟವನನ್ನು ಯಾವ ಹೆಂಡತಿಯೂ ತಡೆಯುವುದಿಲ್ಲ. ಮಾಸ್ತರರು ಮಾತ್ರ ಆ ಹೊತ್ತಿಗೆ ತಮ್ಮ ಮನೆಯ ಜಗಲಿಯಲ್ಲಿ ಚೆನ್ನಾಗಿಯೇ ಕುಳಿತು ಪೇಪರು ಓದುತ್ತಿದ್ದರು.

ಹನೀಫಾ ಗಿಟಾರನ್ನು ಒರೆಸಿ ಕೈಗೆ ಕೊಟ್ಟ. ಜೇನಿನ ಬಣ್ಣದ ಮೈ. ಒಂದು ತಂತಿ ತುಂಡಾಗಿತ್ತು, ಮೂಲೆಯಲ್ಲಿ ನವಿಲುಗರಿಯ ಸ್ಟಿಕ್ಕರಿತ್ತು. ಹೊಟ್ಟೆಯ ತೂತಿನೊಳಗೆ ಏನೋ ನೀಲಿ ಅಕ್ಷರ ಕಂಡಿತು. ಕನ್ನಡಕ ಮನೆಯಲ್ಲಿತ್ತು. ಕಂಪೆನಿಯ ಹೆಸರಿರಬೇಕು ಎಂದುಕೊಂಡ.

"ಯಾರದ್ದು ಹನೀಫಾ ಇದು?"

"ಬೆಳ್ತಂಗಡಿ ಕಡೆಯಿಂದ ಹಳೆ ಪೇಪರ್ ಲೋಡಿನ ಒಟ್ಟಿಗೆ ಬಂದದ್ದು. ಯಾರಾದ್ರೂ ಕೇಳಿಕೊಂಡು ಬಂದ್ರೆ ಕೊಡುವ ಅಂತ ಎರಡು ತಿಂಗಳು ಒಳಗೆ ಇಟ್ಟೆ. ಯಾರೂ ಬರ್ಲಿಲ್ಲ. ನಿಮಗೆ ಬಾರಿಸ್ಲಿಕ್ಕೆ ಬರ್ತದಾ?"

"ಇಲ್ಲ."

"ಮತ್ತೆ ಯಾಕೆ ಕಣ್ಣಲ್ಲಿ ನೀರು?"

ಶೀನಪ್ಪ ಉಳಿದ ಐದು ತಂತಿಗಳ ಮೇಲೆ ಹೆಬ್ಬೆರಳು ಎಳೆದ. ಹಳೆಯ ಕಬ್ಬಿಣದ ನಡುವಿನಿಂದ ಒಂದು ನಾದ ಎದ್ದು ಅವನ ಎದೆಗೆ ಬಂದು ಕೂತಿತು. ಹನೀಫಾ ಹೇಳಿದಷ್ಟನ್ನು ಚೌಕಾಸಿ ಇಲ್ಲದೆ ಕೊಟ್ಟು ಹೊರಬಿದ್ದ. ಅವನ ಜೀವಮಾನದ ಸುಖ ಅಲ್ಲಿಂದ ಬಸ್‌ಸ್ಟ್ಯಾಂಡಿನವರೆಗಿನ ಏಳು ನಿಮಿಷ.

ಧರ್ಮಸ್ಥಳಕ್ಕೆ ಹೋಗುವ ಪ್ರೈವೇಟ್ ಬಸ್ಸು ತುಂಬಿತ್ತು. ಹಿಂದಿನ ಬಾಗಿಲಲ್ಲಿ ಗಂಡಸರ ನೂಕುನುಗ್ಗಲು, ಅದರೊಳಗೆ ಗಿಟಾರ್ ಹಿಡಿದು ನುಗ್ಗಿದರೆ ಉಳಿದ ಐದು ತಂತಿಗೂ ಗತಿ ಕಾಣಿಸಬೇಕು. ಡ್ರೈವರು ಚಹಾಕ್ಕೆ ಹೋಗಿದ್ದ. ಶೀನಪ್ಪ ಮುಂದಿನ ಬಾಗಿಲಿನಿಂದ ಹತ್ತಿ, ಡ್ರೈವರಿನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಗಿಟಾರನ್ನು ಮೆಲ್ಲಗೆ ಮಲಗಿಸಿದ. ಮತ್ತೆ ಇಳಿದು ಸುತ್ತು ಬಳಸಿ ಹಿಂದಿನಿಂದ ಹತ್ತಿ, ನಡುವೆ ಹೇಗೋ ಸಿಕ್ಕಿದ ಒಂದು ಸೀಟಿನಲ್ಲಿ ಕುಳಿತು, ತೊಟ್ಟಿಲು ನೋಡುವ ತಾಯಿಯಂತೆ ಅದನ್ನೇ ನೋಡುತ್ತಿದ್ದ. ಆ ಗದ್ದಲದಲ್ಲಿ ಅವನು ಅದನ್ನು ಇಟ್ಟದ್ದನ್ನು ಯಾರೂ ಗಮನಿಸಿರಲಿಲ್ಲ.

ವೇಣೂರಿನಲ್ಲಿ ತುಕ್ರಪ್ಪ ಹತ್ತಿದ.

ತುಕ್ರಪ್ಪ ಶೀನಪ್ಪನ ಪಕ್ಕದ ಮನೆಯವನು, ಭಜನಾ ಮಂಡಳಿಯ ಅಧ್ಯಕ್ಷ, ಊರಿನ ವಾಟ್ಸಾಪ್ ಗುಂಪಿನ ಅಡ್ಮಿನ್. ಊರ ಉಸಾಬರಿಯೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಮಾತ್ರ ತನ್ನ ಮನೆಯದನ್ನು ನೋಡುವ ಮನುಷ್ಯ. ಅವನಿಗೆ ಗೊತ್ತಾದದ್ದು ಹತ್ತು ನಿಮಿಷದಲ್ಲಿ ಶಶಿಪ್ರಭಾಳಿಗೆ ಗೊತ್ತಾಗುತ್ತದೆ. ಅವನು ಬಂದು, ಆಗಷ್ಟೇ ಖಾಲಿಯಾದ ಪಕ್ಕದ ಸೀಟಿನಲ್ಲೇ ಕುಳಿತ.

"ಬೊಜ್ಜ ಮುಗಿಸಿ ಬಂದದ್ದಾ? ಶಶಿಯಕ್ಕ ಹೇಳಿದ್ರು. ಊಟಕ್ಕೆ ಎಂತ ಇತ್ತು?"

ಬೆಳಗಿನಿಂದ ಒಂದು ಲೋಟ ಚಹಾ ಮಾತ್ರ ಕುಡಿದಿದ್ದ ಶೀನಪ್ಪ, "ಅನ್ನ, ಸಾರು, ಪಾಯಸ" ಎಂದ. ಪಾಯಸವೆಂದಾಗ ಅವನ ಹೊಟ್ಟೆ ಗುರುಗುಟ್ಟಿತು.

"ಹೆಚ್ಚು ತಿಂದದ್ದು ನೀನು" ಎಂದ ತುಕ್ರಪ್ಪ. ಆಗಲೇ ಅವನ ಕಣ್ಣು ಬಾನೆಟ್ಟಿನ ಮೇಲೆ ಬಿತ್ತು. "ಅದು ಎಂತ ಅಲ್ಲಿ? ಗಿಟಾರಾ? ಯಾರದ್ದು ಮಾರಾಯ ಅದು?"

"ನಂಗೆ ಹೇಗೆ ಗೊತ್ತು" ಎಂದ ಶೀನಪ್ಪ. ಅಂದ ಕೂಡಲೇ ತಾನು ಹೆತ್ತ ಮಗುವನ್ನು ಅಲ್ಲಗಳೆದ ಹಾಗೆ ಅವನಿಗೆ ಸಂಕಟವಾಯಿತು.

ತುಕ್ರಪ್ಪ ಸುಮ್ಮನಿರುವ ಜಾತಿಯವನಲ್ಲ. ಎದ್ದು ನಿಂತು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸಿದ. ಯಾರೂ ತಮ್ಮದೆನ್ನಲಿಲ್ಲ. ಕಂಡಕ್ಟರ್ ನಿತೇಶ್, "ಬೆಳಿಗ್ಗಿನ ಟ್ರಿಪ್ಪಿನಲ್ಲಿ ಯಾರೋ ಬಿಟ್ಟು ಹೋದದ್ದಿರಬೇಕು" ಎಂದ. ಡ್ರೈವರು, "ಯಾರದ್ದಾದ್ರೂ ಆಗಲಿ, ಗೇರಿಗೆ ತಾಗ್ತದೆ, ಆಚೆ ಸರಿಸಿ" ಎಂದ. ಎರಡು ಸೀಟು ಮುಂದಿದ್ದ ಒಬ್ಬ ಹೆಂಗಸು, ಕಳೆದುಕೊಂಡ ಮಗು ಎಷ್ಟು ಅಳುತ್ತಿದೆಯೋ ಎಂದು ಮರುಗಿದಳು. ಮಗು ನಡುವಿನ ಸೀಟಿನಲ್ಲಿ ಕುಳಿತು ನಿಜವಾಗಿಯೂ ಅಳುವ ಸ್ಥಿತಿಯಲ್ಲಿತ್ತು.

ತುಕ್ರಪ್ಪ ಮುಂದೆ ಹೋಗಿ ಗಿಟಾರಿನ ಫೋಟೋ ತೆಗೆದು, ಬಸ್ಸಿನ ಹೆಸರನ್ನೂ ಬರೆದು, ತನಗೆ ಗೊತ್ತಿದ್ದ ಹದಿನಾಲ್ಕು ಗುಂಪುಗಳಿಗೆ ಹಾಕಿ ಬಂದ. "ಇಷ್ಟೇ ಸಾಲುದಿಲ್ಲ. ಕೊರಗಜ್ಜನಿಗೆ ಹೇಳಿಕೊಳ್ಳುವ" ಎಂದ.

ಈ ಸೀಮೆಯಲ್ಲಿ ವಸ್ತು ಕಳೆದುಹೋದರೆ ಮೊದಲು ನೆನೆಯುವುದು ಅಜ್ಜನೆಂಬ ಈ ದೈವವನ್ನು, ಪೊಲೀಸರನ್ನು ಆಮೇಲೆ. ಚಕ್ಕುಲಿ ವೀಳ್ಯದ ಹರಕೆ ಹೊತ್ತರೆ ಕಳೆದ ದನವೂ ಸಿಗುತ್ತದೆ, ಉಂಗುರವೂ ಸಿಗುತ್ತದೆ ಎಂಬುದು ಎಲ್ಲರ ನಂಬಿಕೆ.

"ನೀನೇ ಹೇಳಿಕೊ ತುಕ್ರಪ್ಪಣ್ಣ" ಎಂದ ಶೀನಪ್ಪ.

"ನಂದು ಈಗಾಗ್ಲೇ ಮೂರು ಹರಕೆ ಬಾಕಿ ಉಂಟು. ನಾನು ಕರೆದ್ರೆ ಅಜ್ಜ ಮೊದಲು ಹಳೆದ್ದು ಕೇಳ್ತಾರೆ. ನೀನು ಬೊಜ್ಜಕ್ಕೆ ಹೋಗಿ ಬಂದವ, ಅಜ್ಜ ನಿನ್ನ ಮಾತು ಕೇಳ್ತಾರೆ. ಹೇಳು."

ಇಡೀ ಬಸ್ಸು ತಿರುಗಿ ನೋಡಿತು. ಶೀನಪ್ಪ ಯೋಚಿಸಿದ. ಗಿಟಾರಿನ ಯಜಮಾನ ತಾನೇ. ಸಿಗಬೇಕಾದದ್ದು ತನಗೇ. ಹಾಗಿದ್ದ ಮೇಲೆ ಈ ಹರಕೆಯಿಂದ ನಷ್ಟವಿಲ್ಲ, ಲಾಭವೇ. ಹೇಗೂ ಇನ್ನೆರಡೂವರೆ ಗಂಟೆಯೊಳಗೆ ಇದೇ ಬಸ್ಸು ಧರ್ಮಸ್ಥಳದಿಂದ ವಾಪಸು ಬರುತ್ತದೆ. ಈಗ ತುಕ್ರಪ್ಪನೊಟ್ಟಿಗೆ ಇಳಿದು, ಅವನನ್ನು ಮನೆಗೆ ಸಾಗಹಾಕಿ, ಆಮೇಲೆ ನಿತೇಶನಲ್ಲಿ ಗುಟ್ಟಾಗಿ ಕೇಳಿ ಪಡೆದರಾಯಿತು. ಅವನು ಕಣ್ಣು ಮುಚ್ಚಿ ಕೈ ಮುಗಿದ.

"ಅಜ್ಜಾ, ಈ ಗಿಟಾರಿನ ಯಜಮಾನರು ಯಾರೋ, ಅವರ ಕೈಗೇ ಇದು ಸೇರ್ಲಿ. ಇವತ್ತೇ ಸೇರ್ಲಿ. ಐವತ್ತು ಚಕ್ಕುಲಿ, ವೀಳ್ಯ ಕೊಡ್ತೇನೆ."

ಅವನ ದನಿ ನಡುಗಿತು. ಮರುಗಿದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರದ್ದೋ ವಸ್ತುವಿಗೆ ಇಷ್ಟು ಭಕ್ತಿಯಿಂದ ಹರಕೆ ಹೊತ್ತವರನ್ನು ತಾನು ನೋಡಿಯೇ ಇಲ್ಲವೆಂದು ನಿತೇಶ್ ಹೇಳಿದ.

ಗುರುವಾಯನಕೆರೆಯಲ್ಲಿ ಇಬ್ಬರೂ ಇಳಿದರು. ಬಸ್ಸು ಬೆಳ್ತಂಗಡಿಯತ್ತ ಹೊರಟಾಗ ಮುಂದಿನ ಗಾಜಿನಲ್ಲಿ ಗಿಟಾರಿನ ಕುತ್ತಿಗೆ ಒಮ್ಮೆ ಕಂಡು ಮರೆಯಾಯಿತು. ಸೊಸೈಟಿಯಲ್ಲಿ ಕೆಲಸವಿದೆಯೆಂದು ಹೇಳಿ ತುಕ್ರಪ್ಪನನ್ನು ಕಳುಹಿಸಿದ ಶೀನಪ್ಪ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಾಯುತ್ತಾ ಕುಳಿತ. ಹಸಿವಾಗಿತ್ತು. ಎದುರಿನ ಹೋಟೆಲಿನಲ್ಲಿ ಗೋಳಿಬಜೆ ಕರಿಯುತ್ತಿದ್ದರು. ಬೊಜ್ಜದೂಟ ಮಾಡಿ ಬಂದವನು ಗೋಳಿಬಜೆ ತಿನ್ನುವುದನ್ನು ಯಾರಾದರೂ ಕಂಡರೆ ಎಂದು ಹೆದರಿ ಅದನ್ನೂ ತಿನ್ನಲಿಲ್ಲ.

ಬಸ್ಸು ನಾಲ್ಕು ಗಂಟೆಗೆ ಬಂತು. ಬಾನೆಟ್ಟಿನ ಮೇಲೆ ಒಂದು ಬಾಳೆಗೊನೆ ಇತ್ತು. ಗಿಟಾರ್ ಇರಲಿಲ್ಲ.

"ನಿತೇಶಾ, ಅದು ಎಲ್ಲಿ?"

ನಿತೇಶನ ಮುಖ ಅರಳಿತು. "ಅಣ್ಣ, ನಿಮ್ಮ ಹರಕೆ ಹಣ್ಣಾಯ್ತು. ಉಜಿರೆಯಲ್ಲಿ ಒಂದು ಕಾಲೇಜು ಹುಡುಗಿ ಫೋಟೋ ನೋಡಿ ಓಡಿಕೊಂಡು ಬಂದಿದ್ಲು. ನವಿಲುಗರಿ ಸ್ಟಿಕ್ಕರ್ ನಾನೇ ಅಂಟಿಸಿದ್ದು, ತೂತಿನ ಒಳಗೆ ನೀಲಿ ಪೆನ್ನಲ್ಲಿ ಸಾತ್ವಿಕಾ ಅಂತ ಹೆಸರು ಬರೆದದ್ದುಂಟು ಅಂದ್ಲು. ಬಗ್ಗಿ ನೋಡಿದ್ರೆ ಹೌದು. ಬಾಡಿಗೆ ಮನೆ ಬದಲಿಸುವಾಗ ಹಳೆ ಪೇಪರಿನ ಒಟ್ಟಿಗೆ ಗುಜರಿಯವನ ರಿಕ್ಷಾಕ್ಕೆ ಹೋದದ್ದಂತೆ. ಕೊಟ್ಟೆ."

"ಅದು ನನ್ನದು" ಎಂದ ಶೀನಪ್ಪ.

ನಿತೇಶ್ ಕರುಣೆಯಿಂದ ಅವನ ಭುಜ ತಟ್ಟಿದ. "ನಿಮ್ಮದೇ ಅಣ್ಣ, ಪುಣ್ಯ ಪೂರಾ ನಿಮ್ಮದೇ."

ರೈಟ್ ಎಂದು ಬಸ್ಸು ಹೊರಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಶೀನಪ್ಪ ಆ ತುತ್ತನ್ನು ಇನ್ನೊಬ್ಬರ ಬಾಯಿಗೆ ಇಡು ಎಂದು ತಾನೇ ಕೈ ಮುಗಿದು ಕೇಳಿಕೊಂಡಿದ್ದ. ಬಾತುಕೊಂಡ ಬೆರಳುಗಳನ್ನು ನೋಡಿಕೊಂಡ. ಮೂವತ್ತಮೂರು ವರ್ಷಕ್ಕೆ ಏಳು ನಿಮಿಷ. ಇನ್ನೊಮ್ಮೆ ಕೂಡಿಹಾಕುವ ಹೊತ್ತಿಗೆ ಈ ಬೆರಳುಗಳು ಅನ್ನ ಕಲಸಿದರೆ ಹೆಚ್ಚು.

ಮನೆ ಸೇರುವಾಗ ಸಂಜೆಯಾಗಿತ್ತು. ಜಗಲಿಯಲ್ಲಿ ತುಕ್ರಪ್ಪ ಫೋನು ಹಿಡಿದು ಕುಳಿತಿದ್ದ, ಪಕ್ಕದಲ್ಲಿ ಶಶಿಪ್ರಭಾ. ಫೋನಿನೊಳಗೆ ಬೊಚ್ಚುಬಾಯಿಯ ಒಬ್ಬ ಮುದುಕಿ.

"ಬಾ ಬಾ, ನಿನಗೇ ಕಾಯುದು. ಇದು ಆ ಹುಡುಗಿಯ ಅಜ್ಜಿ, ಸೇಸಮ್ಮ. ನಿನ್ನಲ್ಲಿ ಮಾತಾಡ್ಬೇಕಂತೆ."

"ದೇವರಂಥವರು ನೀವು" ಎಂದಳು ಸೇಸಮ್ಮ. "ನಾನು ಎರಡು ತಿಂಗಳ ಹಿಂದೆಯೇ ಅಜ್ಜನಿಗೆ ಹೇಳಿಕೊಂಡಿದ್ದೆ. ನೀವೂ ಹೇಳಿದ್ದಕ್ಕೆ ಬೇಗ ಆಯ್ತು."

ಹಾಗಾದರೆ ಹನೀಫಾನ ಗ್ರೈಂಡರಿನ ಹಿಂದೆ ಗಿಟಾರನ್ನು ನಿಲ್ಲಿಸಿ, ತನ್ನ ದುಡ್ಡಿನಲ್ಲಿ ಬಿಡಿಸಿ, ತನ್ನ ಕೈಯಲ್ಲೇ ಉಜಿರೆಯ ಬಸ್ಸಿಗೆ ಹಾಕಿಸಿದ್ದು ಅಜ್ಜನೇ. ತಾನು ಬರೀ ಹೊರೆಯಾಳು. ಶೀನಪ್ಪ ಜಗಲಿಯ ಕಂಬ ಹಿಡಿದು ಕುಳಿತುಕೊಂಡ.

ಶಶಿಪ್ರಭಾ ನೀರು ತಂದುಕೊಟ್ಟಳು. ಆಕೆ ಅವನನ್ನು ಅಷ್ಟು ಅಕ್ಕರೆಯಿಂದ ನೋಡಿ ಎಷ್ಟೋ ವರ್ಷಗಳಾಗಿದ್ದವು.

"ಯಾರದ್ದೋ ಗಿಟಾರಿಗೆ ಬಸ್ಸಿನಲ್ಲಿ ಅತ್ತುಬಿಟ್ರಂತೆ. ಅಷ್ಟು ಆಸೆ ಇದ್ರೆ ನನ್ನಲ್ಲಿ ಹೇಳ್ಬಾರದಾ? ಅವತ್ತು ನಾನು ಇಲಿಯ ಸಿಟ್ಟಿನಲ್ಲಿ ಹೇಳಿದ್ದು. ನಾಳೆಯೇ ಹೋಗುವ, ನಿಮಗೊಂದು ತೆಗೊಳ್ಳುವ."

ಶೀನಪ್ಪ ತಲೆ ಎತ್ತಿದ. ಮಬ್ಬಾಗಿದ್ದ ಸಂಜೆಗೆ ಯಾರೋ ದೀಪ ಹಿಡಿದಂತಾಯಿತು. "ನಿಜವಾ?"

"ಮತ್ತೆಂತ? ಪಂಚಾಂಗದ ಹಿಂದಿನ ಡಬ್ಬಿಯಲ್ಲಿ ನೀವು ಸೇರಿಸ್ತಾ ಬಂದದ್ದು ನಂಗೆ ಗೊತ್ತಿಲ್ಲ ಅಂತ ಮಾಡಿದ್ರಾ? ನಾನೂ ಆಗಾಗ ಅದಕ್ಕೆ ಹಾಕ್ತಾ ಇದ್ದೆ" ಎನ್ನುತ್ತಾ ಆಕೆ ದೇವರ ಕೋಣೆಗೆ ನಡೆದಳು.

ಶೀನಪ್ಪನಿಗೆ ಕೂಗಿ ತಡೆಯಬೇಕೆನಿಸಿತು. ಆಗಲೇ ಒಳಗೆ ಪಂಚಾಂಗಗಳು ಬಿದ್ದ ಸದ್ದಾಯಿತು. ಶಶಿಪ್ರಭಾ ಖಾಲಿ ಡಬ್ಬಿ ಹಿಡಿದು ಹೊರಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಹಣ ಇಲ್ಲ. ಯಾರೋ ಕದ್ದಿದ್ದಾರೆ."

ತುಕ್ರಪ್ಪ ಎದ್ದು ನಿಂತ. "ಹೆದರ್ಬೇಡಿ ಶಶಿಯಕ್ಕ. ಮನೆಯಲ್ಲೇ ಶೀನಪ್ಪ ಇರುವಾಗ ಎಂತ ಹೆದರಿಕೆ? ಇವನು ಹೇಳಿದ್ರೆ ಅಜ್ಜ ಮೂರು ಗಂಟೆಯೂ ತಡ ಮಾಡುದಿಲ್ಲ. ಹೇಳು ಶೀನಪ್ಪ, ಡಬ್ಬಿಯ ಹಣ ತೆಗೆದದ್ದು ಯಾರು ಅಂತ ಇವತ್ತೇ ಗೊತ್ತಾಗ್ಲಿ ಅಂತ ಹೇಳಿಕೊ."

ಶಶಿಪ್ರಭಾ ಕಣ್ಣು ಮುಚ್ಚಿ ಕೈ ಜೋಡಿಸಿದಳು. ತುಕ್ರಪ್ಪನೂ ಜೋಡಿಸಿದ. ಫೋನಿನೊಳಗಿನ ಸೇಸಮ್ಮನೂ ಜೋಡಿಸಿದಳು. ಶೀನಪ್ಪ ತನ್ನ ಬಾತ ಬೆರಳುಗಳನ್ನು ಮೆಲ್ಲನೆ ಕೂಡಿಸಿ, ತುಕ್ರಪ್ಪ ಹೇಳಿಕೊಟ್ಟದ್ದನ್ನು ಗಟ್ಟಿಯಾಗಿ ಹೇಳಿದ. ಆಮೇಲೆ ಯಾರಿಗೂ ಕೇಳದಂತೆ ಇನ್ನೂ ಐವತ್ತು ಚಕ್ಕುಲಿ ಸೇರಿಸಿ, ಇದೊಂದು ಹರಕೆ ಮಾತ್ರ ಕಿವಿಗೆ ಹಾಕಿಕೊಳ್ಳಬೇಡ ಅಜ್ಜಾ ಎಂದು ಬೇಡಿಕೊಂಡ.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತುಕ್ರಪ್ಪನೇ ಕೈ ಹಾಕಿ ತೆಗೆದು, ಸ್ಪೀಕರಿಗೆ ಹಾಕಿದ.

"ಶೀನಪ್ಪಣ್ಣಾ, ನಾನು ಹನೀಫಾ" ಎಂದಿತು ಫೋನು. "ಇವತ್ತು ನೀವು ತೆಗೊಂಡು ಹೋದ ಗಿಟಾರ್ ಉಂಟಲ್ಲ, ಅದರ ತುಂಡಾದ ತಂತಿ ಇಲ್ಲೇ ಸಿಕ್ಕಿತು. ಕಳಿಸುದಾ?"